ಇಲ್ಲದ ಕಮಾನಿನ ಸೈಕಲ್ ಅಂಗಡಿ

ಮೂವತ್ತೊಂದು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟು ನಿವೃತ್ತಳಾದ ಟೀಚರ್, ತಾನು ಅಷ್ಟು ವರ್ಷ ಪಾಠ ಮಾಡಿದ ನದಿ ಕಣಿವೆಯನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಕೋಟೆ ಕಟ್ಟಿದ್ದು ಯಾವ ವರ್ಷ, ಯಾವ ದಂಡು ಯಾವ ದಡದಲ್ಲಿ ಬೀಡುಬಿಟ್ಟಿತ್ತು, ನೀರಿನಿಂದ ತಿರುಗುವ ಗಿರಣಿಗಳು ಎಷ್ಟಿದ್ದವು ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು. ಕಾಲಿಗೆ ಮಾತ್ರ ಆ ಮಣ್ಣು ಅಂಟಿರಲಿಲ್ಲ.

ಅದನ್ನು ಅಂಟಿಸಿದವಳು ಅತ್ತಿಗೆ. ಅಣ್ಣನ ಹೆಂಡತಿ, ಕಸುಬಿನಲ್ಲಿ ಟೈಲರ್, ಮಾತಿನಲ್ಲಿ ಕತ್ತರಿ. ಮೊಣಕಾಲು ನೋವಿಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರ್ ಹೇಳಿದ್ದೇ ತಡ, ಅರವತ್ತೊಂದನೇ ವಯಸ್ಸಿನಲ್ಲಿ ಸೈಕಲ್ ಹತ್ತಿದವಳು ಇಳಿಯುವುದನ್ನೇ ಮರೆತಿದ್ದಳು.

"ಬಾಯಲ್ಲೇ ಎಷ್ಟು ದಿನ ಕಣಿವೆ ಸುತ್ತುತ್ತೀಯೇ?" ಎಂದಳು ಒಂದು ದಿನ ಗುಂಡಿ ಹೊಲಿಯುತ್ತ. "ನಾಲ್ಕು ದಿನ ನನ್ನ ಜೊತೆ ಬಾ. ಹೊಳೆ ಇಳಿದು ಹೋಗೋ ದಾರೀಲೇ ನಾವೂ ಇಳಿದು ಹೋಗೋಣ. ಅದಕ್ಕೇನು ನಮಗಿಂತ ಹೆಚ್ಚಿಗೆ ಗೊತ್ತಿರುತ್ತಾ?"

"ನನಗೆ ಸೈಕಲ್ ಬಿಟ್ಟು ಇಪ್ಪತ್ತು ವರ್ಷ ಆಯ್ತು ಅತ್ತಿಗೆ."

"ನೀನು ಬಿಟ್ಟಿರಬಹುದು. ಅದು ನಿನ್ನ ಬಿಟ್ಟಿರಲ್ಲ."

ಹೀಗೆ ಇಬ್ಬರೂ ಹೊರಟರು. ಅತ್ತಿಗೆ ಹಳೆಯ ಪರದೆ ಬಟ್ಟೆಯಲ್ಲಿ ಎರಡು ಸೈಕಲ್‌ಗೂ ಚೀಲ ಹೊಲಿದಿದ್ದಳು. ಒಂದರ ಮೇಲೆ ಅರ್ಧ ನವಿಲು, ಇನ್ನೊಂದರ ಮೇಲೆ ಉಳಿದರ್ಧ. ಮೊದಲ ದಿನ ಟೀಚರ್‌ಗೆ ಮೈಯೆಲ್ಲ ಕೊಟ್ಟಣದಲ್ಲಿ ಕುಟ್ಟಿದ ಹಾಗಾಯಿತು. ಎರಡನೇ ದಿನ ಬೆಳಗ್ಗೆ ಹೊಳೆಯ ಪಕ್ಕದ ದಾರಿ ಸಿಕ್ಕಿತು. ಒಂದು ಕಡೆ ಹಸಿರು ನೀರು, ಇನ್ನೊಂದು ಕಡೆ ಹಣ್ಣಿನ ತೋಟದ ಮೋಟು ಗೋಡೆ, ಗುಡ್ಡದ ನೆತ್ತಿಯ ಮೇಲೆ ಮುರಿದ ಕಾವಲು ಗೋಪುರ. ಟೀಚರ್ ಪೆಡಲ್ ತುಳಿಯುತ್ತಲೇ ಪಾಠ ಶುರುಮಾಡಿದಳು. ಗಾಳಿ ಅರ್ಧ ಪಾಠವನ್ನು ಹೊತ್ತುಕೊಂಡು ಹೋಯಿತು, ಉಳಿದರ್ಧಕ್ಕೆ ಅತ್ತಿಗೆ ಹೂಂಗುಟ್ಟಿದಳು.

"ಇನ್ನು ಮುಂದೆ ದೊಡ್ಡ ಸೇತುವೆ ಸಿಗುತ್ತೆ. ಏಳು ಕಮಾನು," ಎಂದಳು ಟೀಚರ್.

ಅಷ್ಟರಲ್ಲಿ ಅತ್ತಿಗೆಯ ಹಿಂದಿನ ಚಕ್ರ 'ಪುಸ್' ಎಂದಿತು. ಪಂಕ್ಚರ್ ಸಾಮಾನು ಹುಡುಕಿದರೆ ಅದು ಊರಲ್ಲಿ ಹೊಲಿಗೆ ಯಂತ್ರದ ಮೇಲೆ ಹಾಯಾಗಿ ಕೂತಿತ್ತು.

ದಡದಲ್ಲಿ ಒಬ್ಬ ಮುದುಕ ಗಾಳ ಹಾಕಿ ಕೂತಿದ್ದ. "ಯಜಮಾನ್ರೇ, ಇಲ್ಲಿ ಸೈಕಲ್ ರಿಪೇರಿಯವರು ಯಾರಾದ್ರೂ ಇದಾರಾ?" ಎಂದು ಅತ್ತಿಗೆ ಕೇಳಿದಳು.

"ಹೀಗೇ ಹೋಗಿ. ಸೇತುವೆಯ ಒಂಬತ್ತನೇ ಕಮಾನಲ್ಲಿ ಅಂಗಡಿ."

"ಆ ಸೇತುವೆಗೆ ಇರೋದೇ ಏಳು ಕಮಾನು," ಎಂದಳು ಟೀಚರ್, ತಡೆಯಲಾಗದೆ.

ಮುದುಕ ನೀರಿನಿಂದ ಕಣ್ಣು ಕೀಳಲಿಲ್ಲ. "ಹಾಗಾದ್ರೆ ಏಳನೇದರ ಹತ್ರ ನಿಂತು ಕೂಗಿ. ಇಲ್ಲದ ಕಡೆಯಿಂದ ಬಂದು ಕರ್ಕೊಂಡು ಹೋಗ್ತಾಳೆ."

ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಟೀಚರ್ ನಗಲಿಲ್ಲ. 'ಒಂಬತ್ತು' ಎಂಬ ಮಾತು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಅವಳಿಗೆ ಕಟುಕ್ಕೆಂದಿತ್ತು. ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಂತೆ ಎಲ್ಲ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗಿ ಪರೀಕ್ಷೆಯಲ್ಲಿ 'ಸೇತುವೆಗೆ ಒಂಬತ್ತು ಕಮಾನು' ಎಂದು ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದಳು. ಹುಡುಗಿ ವಾದಕ್ಕೆ ನಿಂತಳು: ನಾನೇ ಎಣಿಸಿದ್ದೀನಿ ಟೀಚರ್. 'ಪುಸ್ತಕ ಬರೆದವರಿಗಿಂತ ನೀನು ಜಾಣೆಯಾ?' ಎಂದು ಗದರಿಸಿ, 'ಏಳು ಕಮಾನು' ಎಂದು ಐವತ್ತು ಸಲ ಬರೆಸಿದ್ದಳು.

ಅದನ್ನೆಲ್ಲ ಅತ್ತಿಗೆಗೆ ಹೇಳಿ, "ವಾಪಸ್ ಹೋಗೋಣ್ವಾ?" ಎಂದಳು.

"ಗಾಳಿ ಇಲ್ಲದ ಚಕ್ರದಲ್ಲಾ? ನಡಿ, ನಡಿ. ತಪ್ಪು ಮಾಡಿದ್ರೆ ಬಿಚ್ಚಿ ಹೊಲಿಯೋದಪ್ಪ. ನಾನು ದಿನಾ ಮಾಡೋ ಕೆಲಸ ಅದು."

ತಿರುವಿನಲ್ಲಿ ಸೇತುವೆ ಕಂಡಿತು. ಟೀಚರ್ ಬೆರಳು ಚಾಚಿ ಎಣಿಸಿದಳು. ನೀರಿನ ಮೇಲೆ ಏಳು, ಸರಿಯಾಗಿ ಏಳೇ. ಎದೆಯ ಭಾರ ಇಳಿಯಿತು ಎನ್ನುವಷ್ಟರಲ್ಲಿ ದಾರಿ ಮರಗಳ ಕೆಳಗೆ ಇಳಿಯಿತು. ಅಲ್ಲಿ, ಹೂಳು ತುಂಬಿ ದಡವೇ ಆಗಿಹೋಗಿದ್ದ ನೆಲದ ಮೇಲೆ, ಇನ್ನೆರಡು ಗಿಡ್ಡ ಕಮಾನುಗಳು ತಂಪಾಗಿ ಕೂತಿದ್ದವು. ಎಂಟನೆಯದರಲ್ಲಿ ಸೌದೆ ಒಟ್ಟಿತ್ತು. ಒಂಬತ್ತನೆಯದರ ಬಾಯಿಗೆ ಟೈರುಗಳು ತೋರಣದಂತೆ ನೇತಾಡುತ್ತಿದ್ದವು. ಮೇಲೆ ನೀಲಿ ಬಣ್ಣದ ಬೋರ್ಡು: 'ಇಲ್ಲದ ಕಮಾನಿನ ಸೈಕಲ್ ಅಂಗಡಿ'.

ಬೋಗುಣಿ ನೀರಿನಲ್ಲಿ ಟ್ಯೂಬ್ ಅದ್ದಿ ಗುಳ್ಳೆ ಹುಡುಕುತ್ತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಮೊಣಕೈವರೆಗೂ ಗ್ರೀಸು. ಟೀಚರ್ "ನಮಸ್ಕಾರ" ಎಂದಿದ್ದೇ ತಡ, ಅವಳು ತಲೆಯೆತ್ತಿ ದಿಟ್ಟಿಸಿದಳು.

"ಗೆರೆ ಟೀಚರ್!"

ಮಕ್ಕಳು ಬೆನ್ನ ಹಿಂದೆ ತನ್ನನ್ನು ಕರೆಯುತ್ತಿದ್ದ ಹೆಸರು ಟೀಚರ್‌ಗೆ ಗೊತ್ತಿತ್ತು. ಮುಖದೆದುರು ಕೇಳಿದ್ದು ಇದೇ ಮೊದಲು. ಅವಳು ಸೈಕಲ್ ಅನ್ನು ಮರಕ್ಕೊರಗಿಸಿ, ಕ್ಲಾಸಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತಳು. "ಒಂಬತ್ತೇ ಸರಿ ಕಣಮ್ಮ. ತಪ್ಪು ನಂದು. ನೀನು ಕಣ್ಣಿಂದ ನೋಡಿದ್ದೆ, ನಾನು ಓದಿದ್ದೆ ಅಷ್ಟೆ."

ಆ ಹೆಂಗಸು ಕೈ ಒರೆಸಿಕೊಂಡಳು. "ಸುಳ್ಳು ಹೇಳಲ್ಲ ಟೀಚರ್, ಬೇಜಾರಾಗಿತ್ತು. ಒಂದು ತಿಂಗಳು ನಿಮ್ಮ ಕ್ಲಾಸಲ್ಲಿ ಕೈಯೆತ್ತಲಿಲ್ಲ. ಆದ್ರೆ ರಜಕ್ಕೆ ಬಂದು ಆ ಹಾಳೆ ತೋರಿಸಿದ್ರೆ ನಮ್ಮಪ್ಪ ಹೊಟ್ಟೆ ಹಿಡ್ಕೊಂಡು ನಕ್ಕ. 'ನಾವು ಇಲ್ಲದ ಕಮಾನಲ್ಲಿದೀವಿ ಮಗಳೇ, ಬೋರ್ಡಾದ್ರೂ ಇರಲಿ' ಅಂತ ಅವತ್ತೇ ಬಣ್ಣದ ಡಬ್ಬ ತೆಗೆದ. ಅದನ್ನ ಓದೋಕೆ ಅಂತ ಎಲ್ರೂ ಸೈಕಲ್ ನಿಲ್ಲಿಸ್ತಾರೆ. ನಿಲ್ಲಿಸಿದ ಮೇಲೆ ಗಾಳಿ ಕಮ್ಮಿ ಇರೋದು ಗೊತ್ತಾಗುತ್ತೆ. ಅಪ್ಪ ಹೋಗೋವರೆಗೂ ನಿಮ್ಮನ್ನ ಹೊಗಳ್ತಾನೇ ಇದ್ದ."

ಟೀಚರ್‌ಗೆ ಅಳು, ನಗು ಎರಡೂ ಒಟ್ಟಿಗೇ ನುಗ್ಗಿ ಬಂದವು. ನಗುವೇ ಗೆದ್ದಿತು. ಅತ್ತಿಗೆಯಂತೂ ಪಂಕ್ಚರ್ ಆದ ಚಕ್ರದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬನ್ನಿ ಒಳಗೆ," ಎಂದಳು ರಿಪೇರಿಯವಳು. "ಪುಸ್ತಕದಲ್ಲಿಲ್ಲದ್ದು ಇನ್ನೂ ಇದೆ."

ಒಳಗೆ ರಬ್ಬರ್ ಅಂಟಿನ ವಾಸನೆ. ಅವಳು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದಳು. ಕಲ್ಲು ಕಲ್ಲಿನ ಮೇಲೂ ಬೆರಳುದ್ದದ ಗುರುತುಗಳು ಎದ್ದುಬಂದವು: ಒಂದರ ಮೇಲೆ ಬಾಚಣಿಗೆ, ಒಂದರ ಮೇಲೆ ಮೀನು, ಮತ್ತೊಂದರ ಮೇಲೆ ಮೂರು ಓರೆ ಗೀಟು. ನಾನೂರು ವರ್ಷಗಳ ಹಿಂದೆ ಕಲ್ಲುಕುಟಿಗರು ಕೆತ್ತಿದ ಗುರುತು. ಉಳಿದ ಕಮಾನುಗಳಲ್ಲಿ ನೀರು ತಿಂದುಹಾಕಿದ್ದು, ಇಲ್ಲಿ ಹೂಳು ನೀರನ್ನು ದೂರ ತಳ್ಳಿದ್ದರಿಂದ ಉಳಿದುಕೊಂಡಿತ್ತು.

ಸೇತುವೆ ಕಟ್ಟಿಸಿದ ದೊರೆಯ ಹೆಸರನ್ನು ಟೀಚರ್ ನಿದ್ದೆಯಲ್ಲೂ ಹೇಳಬಲ್ಲಳು. ಕಟ್ಟಿದವರ ಬಗ್ಗೆ ಮೂವತ್ತೊಂದು ವರ್ಷದಲ್ಲಿ ಒಂದು ವಾಕ್ಯವನ್ನೂ ಹೇಳಿರಲಿಲ್ಲ. ಅವಳು ಮೀನಿನ ಗುರುತಿನ ಮೇಲೆ ಬೆರಳಾಡಿಸಿದಳು. ಉಳಿಯ ಮೊನೆ ಜಾರಿದ ಜಾಗ ಕೂಡ ಬೆರಳಿಗೆ ಸಿಕ್ಕಿತು.

"ಇವ್ನು ನೋಡು, ಕಲ್ಲನ್ನ ತಲೆಕೆಳಗಾಗಿ ಇಟ್ಬಿಟ್ಟಿದಾನೆ," ಎಂದು ಅತ್ತಿಗೆ ಕೂಗಿದಳು. ನಿಜ, ಒಂದು ಬಾಚಣಿಗೆಯ ಹಲ್ಲು ಮೇಲ್ಮುಖವಾಗಿತ್ತು. "ನಾನೂ ಒಂದ್ಸಲ ಎಡಗೈ ತೋಳನ್ನ ಬಲಗಡೆ ಹೊಲಿದಿದ್ದೆ. ಪಾಪ, ಊಟದ ಹೊತ್ತಾಗಿತ್ತೇನೋ ಅವ್ನಿಗೆ."

ಅತ್ತಿಗೆಯ ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್ ಇತ್ತು, ರಿಪೇರಿಯವಳ ಹತ್ತಿರ ತೆಳು ಕಾಗದದ ಸುರುಳಿ. ಮೂವರೂ ಕಾಗದವನ್ನು ಕಲ್ಲಿಗೊತ್ತಿ ಚಾಕ್ ಉಜ್ಜುತ್ತ ಹೋದರು. ಮಧ್ಯೆ ಗಿರಾಕಿಗಳು ಬಂದರೆ ಟೀಚರ್ ಪಂಪು ಹೊಡೆದಳು, ಅತ್ತಿಗೆ ಸೀಟಿನ ಹರುಕು ಹೊಲಿದುಕೊಟ್ಟಳು. ಗಾಳ ಹಾಕಿದ್ದ ಮುದುಕನೂ ಬಂದು, "ಎಷ್ಟಾಯ್ತು ಲೆಕ್ಕ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತ ಹೋದ. ಹೊತ್ತು ಮುಳುಗುವಷ್ಟರಲ್ಲಿ ಇಪ್ಪತ್ತಾರು ಗುರುತು ಸಿಕ್ಕಿದ್ದವು. ಟೀಚರ್ ಮೂಗಿನ ತುದಿಗೆ ಗ್ರೀಸು, ಕೂದಲಿಗೆ ಚಾಕ್ ಪುಡಿ.

ಮರುದಿನ ರಿಪೇರಿಯವಳು ಅಂಗಡಿಗೆ ಬೀಗ ಹಾಕಿ, ಹಾಳುಬಿದ್ದ ಗಿರಣಿಗಳಿಗೆ ಅವರನ್ನು ತಾನೇ ಕರೆದುಕೊಂಡು ಹೋದಳು. ಗುಡ್ಡದ ಇಳಿಜಾರಿನಲ್ಲಿ ಟೀಚರ್ ಎರಡೂ ಕಾಲನ್ನು ಪೆಡಲ್‌ನಿಂದ ಎತ್ತಿ ಅಗಲಿಸಿ, ಹೋ ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಇಳಿದಳು. ತೋಟದ ಕುರಿಗಳು ದಿಕ್ಕಾಪಾಲಾಗಿ ಓಡಿದವು.

ನಾಲ್ಕನೇ ದಿನ ಸಂಜೆ ಅಣ್ಣ ಫೋನ್ ಮಾಡಿದ. "ಇವತ್ತು ಮನೆಗೆ ಬರಬೇಕಿತ್ತಲ್ರೇ? ಕೋಟೆ ನೋಡಿದ್ದಾಯ್ತಾ?"

"ಕೋಟೆನಾ? ಇನ್ನೂ ಅರ್ಧ ದಾರಿಗೂ ಬಂದಿಲ್ಲ," ಎಂದಳು ಅತ್ತಿಗೆ. "ನಿಮ್ಮ ತಂಗಿ ಗೋಡೆ ಕಂಡಲ್ಲೆಲ್ಲ ಸೈಕಲ್ ಇಳೀತಾಳೆ. ಈಗ ಒಂದು ಹಾಳು ಗಿರಣಿ ಹಿಂದೆ ಮುಳ್ಳುಕಂಟಿಯೊಳಗೆ ನುಗ್ಗಿದಾಳೆ, ಬರೀ ಹಿಮ್ಮಡಿ ಕಾಣ್ತಿದೆ. ಇನ್ನೊಂದು ವಾರ ನೀವೇ ಬೇಯಿಸ್ಕೊಂಡು ತಿನ್ನಿ."

"ಅತ್ತಿಗೇ!" ಕಂಟಿಯೊಳಗಿಂದ ಟೀಚರ್ ಕೂಗಿದಳು. "ಬೇಗ ಬನ್ನಿ, ಇಲ್ಲೊಂದು ಬಾಗಿಲಿದೆ!"

ಅತ್ತಿಗೆ ಫೋನಿಟ್ಟು, ಮೊಣಕಾಲು ನೋವಿನವಳೆಂಬುದನ್ನೂ ಮರೆತು ಓಡಿದಳು.