ಕೆಮ್ಮಣ್ಣಿನ ಗೆರೆ

ದೀಪ ಹಚ್ಚುವ ಹೊತ್ತಿಗೆ ಕದಿರಮ್ಮ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾಗಿಲಿನಿಂದ ಸುಳಿದ ಗಾಳಿಗೆ ಸೆರಗು ಎಡ ಪಕ್ಕೆಯನ್ನು ಸವರಿತು, ಅಷ್ಟೇ. ಚರ್ಮದ ಕೆಳಗೆ ಅದು ಎಚ್ಚರವಾಯಿತು. ಬೆನ್ನಿನಿಂದ ಹೊರಟು, ಪಕ್ಕೆಲುಬಿನ ಸಂದಿಯಲ್ಲಿ ತಣ್ಣಗೆ ತೆವಳಿ, ಎದೆಯ ಕೆಳಗೆ ಬಂದು ಕೆಂಡದಂತೆ ನಿಂತಿತು. ಅವಳು ಉಸಿರು ಬಿಗಿಹಿಡಿದು, ಅದು ಮತ್ತೆ ಮಲಗುವುದನ್ನೇ ಕಾದಳು.

ಶ್ರಾವಣದಲ್ಲಿ ಅಲ್ಲಿ ಸರ್ಪಸುತ್ತು ಎದ್ದಿತ್ತು. ತೂಬಗೆರೆಯ ಕುಂಬಾರ ಚಿಕ್ಕವೆಂಕಟಪ್ಪ ಗುಳ್ಳೆಗಳ ಸುತ್ತ ಕೆಮ್ಮಣ್ಣಿನ ಗೆರೆ ಎಳೆದು, "ಹೆಡೆ ಬಾಲ ಕೂಡದಂಗೆ ಕಟ್ಟಿದೀನಿ ಕಣಮ್ಮ. ಸುತ್ತು ಬಂದು ಕೂಡಿದ್ರೆ ಮನುಷ್ಯ ಉಳಿಯಲ್ಲ" ಎಂದಿದ್ದ. ಗುಳ್ಳೆ ಒಣಗಿತು. ಕದಿರಮ್ಮ ಮಿಂದು ಗೆರೆಯನ್ನೂ ತೊಳೆದುಕೊಂಡಳು. ಅವರೆಕಾಯಿ ಕಾಲ ಬಂದರೂ ಒಳಗಿನದು ಮಾತ್ರ ಹೋಗಲಿಲ್ಲ. ಗೆರೆ ಅಳಿಸಿದ್ದಕ್ಕೇ ಅದಕ್ಕೆ ದಾರಿಯಾಯಿತೇನೋ ಎಂಬ ಭಯ ಅವಳಿಗೆ. ಹೆಡೆ ಎಲ್ಲಿಗೆ ಬಂತು, ಬಾಲ ಎಲ್ಲಿ ಉಳಿಯಿತು ಎಂದು ಮೈ ಮುಟ್ಟದೆ, ಗಾಳಿಯಲ್ಲೇ ಗೇಣಿಟ್ಟು ಅಳೆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

"ಗಾಯಾನೇ ಇಲ್ಲ, ನೋವೆಲ್ಲಿಂದ ಬಂತು?" ಎಂದು ಕೇಳಿ ಗಂಡ ಅಪ್ಪಯ್ಯಣ್ಣ ಸುಮ್ಮನಾಗಿದ್ದ. ಅದೇ ಮನೆಯಲ್ಲಿದ್ದ ಅವನ ಅಕ್ಕ ನರಸಮ್ಮ ಸುಮ್ಮನಾಗುವವಳಲ್ಲ. ಎರಡು ಬೆರಳಲ್ಲಿ ಸೆರಗನ್ನು ಪಕ್ಕೆಯಿಂದ ಎತ್ತಿ ಹಿಡಿದೇ ಓಡಾಡುವ ಅವಳಿಗೆ ಕೇರಿಯ ಮಕ್ಕಳು ಮಹಾರಾಣಿ ಎಂದು ಹೆಸರಿಟ್ಟಿದ್ದರು.

"ಒಳಗೆ ಸೇರ್ಕೊಂಡಿದೆ. ಬರೆ ಹಾಕಿದ್ರೇ ಬಿಡೋದು" ಎಂದಳು ನರಸಮ್ಮ. "ನಾಳೆ ಮಂಗಳವಾರ. ಸಾಯಂಕಾಲ ಕುಡುಗೋಲು ಕಾಯಿಸ್ತೀನಿ."

"ಹಾಕ್ಬಿಡಕ್ಕ" ಎಂದಳು ಕದಿರಮ್ಮ. ಕಾಣುವ ಸುಟ್ಟಗಾಯವಾದರೆ ನೋವನ್ನು ನಂಬುವವರಾದರೂ ಇರುತ್ತಾರೆ.

ಅಡುಗೆಮನೆಯಿಂದ ಸೊಸೆ ಚೈತ್ರ ಬಂದಳು. "ಬೆಳಗ್ಗೆ ನನ್ ಜೊತೆ ದೊಡ್ಡಬಳ್ಳಾಪುರಕ್ಕೆ ಬನ್ನಿ ಅತ್ತೆ. ಆಸ್ಪತ್ರೇಲಿ ತೋರಿಸ್ಕೊಂಡು ಬರಾಣ. ಕುಡುಗೋಲೇನು ಓಡೋಗಲ್ಲ."

"ಮನೇಲೇ ಡಾಕ್ಟ್ರಮ್ಮ ಇದಾಳೆ, ಬಸ್ಸಿಗ್ಯಾಕೆ ದುಡ್ಡು?" ಎಂದು ನರಸಮ್ಮ ಚೈತ್ರಳನ್ನು ಅಣಕಿಸಿದಳು.

ಮರುದಿನ ಆಸ್ಪತ್ರೆಯ ಡಾಕ್ಟರಮ್ಮ ಹತ್ತಿಯ ಎಳೆಯನ್ನು ಪಕ್ಕೆಗೆ ಸೋಕಿಸಿದರು. ಕದಿರಮ್ಮ ಚೀರಿ ಹಿಂದಕ್ಕೆ ಸರಿದಳು. ಹತ್ತಿಗೆ ಚೀರಿದೆನಲ್ಲ ಎಂದು ನಾಚಿಕೆಯಾಯಿತು. ಡಾಕ್ಟರಮ್ಮ ನಗಲಿಲ್ಲ.

"ನೋವು ನಿಜಾನೇ ಅಮ್ಮ. ಚರ್ಮ ಆರಿದೆ, ಒಳಗಿನ ನರ ಆರಿಲ್ಲ. ಗಾಯ ಇಲ್ದಿದ್ರೂ ಅದು ಕೂಗ್ತಾನೇ ಇರುತ್ತೆ."

ಕದಿರಮ್ಮ ತಗ್ಗಿದ ದನಿಯಲ್ಲಿ ಕೇಳಿಯೇಬಿಟ್ಟಳು. "ಹೆಡೆ ಬಾಲ ಕೂಡ್ಬಿಡ್ತಾ?"

ಚೈತ್ರ ತಟ್ಟನೆ ಅತ್ತೆಯ ಮುಖ ನೋಡಿದಳು. ಇಷ್ಟು ದಿನ ಇವರು ಸಾವನ್ನು ಕಾಯುತ್ತಿದ್ದರೇ?

"ಕೂಡಲ್ಲ. ಆ ನರ ಬೆನ್ನಿಂದ ಹೊರಟು ಎದೆ ಮಧ್ಯಕ್ಕೆ ಬಂದು ನಿಂತೋಗುತ್ತೆ. ಆ ಕಡೆ ದಾಟೋ ದಾರೀನೇ ಅದಕ್ಕಿಲ್ಲ" ಎಂದರು ಡಾಕ್ಟರಮ್ಮ. "ಮಲಗೋ ಮುಂಚೆ ಈ ಮಾತ್ರೆ ತಗೊಳ್ಳಿ. ಒಂದೇ ದಿನಕ್ಕೆ ಗುಣ ಕಾಣಲ್ಲ, ವಾರಗಳು ಬೇಕು. ಪೂರ್ತಿ ಹೋಗದೇನೂ ಇರಬಹುದು, ಆದ್ರೆ ತಗ್ಗುತ್ತೆ. ಮೆತ್ತನೆ ಹಳೇ ಬಟ್ಟೆ ಉಡಿ. ಬರೆಗಿರೆ ಹಾಕಿಸ್ಕೋಬೇಡಿ, ಇನ್ನೂ ಜೋರಾಗಿ ಕೂಗುತ್ತೆ."

ಊರು ಸೇರುವಾಗ ಕತ್ತಲು ಕವಿದಿತ್ತು. ಅಡುಗೆಮನೆಯಲ್ಲಿ ದೀಪವಿರಲಿಲ್ಲ. ಒಲೆಯಲ್ಲಿ ಕುಡುಗೋಲಿನ ತುದಿಯೊಂದೇ ಕೆಂಪಗೆ, ಯಾವುದೋ ಕಣ್ಣಿನ ಹಾಗೆ, ಇವರನ್ನೇ ನೋಡುತ್ತಿತ್ತು.

"ರವಿಕೆ ಬಿಚ್ಚಿ ಕೂತ್ಕೊ" ಎಂದಿತು ನರಸಮ್ಮನ ದನಿ.

"ಬೇಡಕ್ಕ. ಹಾವಲ್ವಂತೆ, ನರವಂತೆ. ಸುಟ್ರೆ ಜಾಸ್ತಿ ಆಗ್ತದಂತೆ."

"ನಂಗೂ ಸುತ್ತು ಎದ್ದಾಗ ಬರೆ ಹಾಕಿದ್ರು. ನಾನು ಬದುಕ್ಲಿಲ್ವಾ?"

ಒಲೆಯ ಮಬ್ಬು ಬೆಳಕಲ್ಲಿ, ಹಾಗೆನ್ನುವಾಗಲೂ ನರಸಮ್ಮನ ಎರಡು ಬೆರಳು ಸೆರಗನ್ನು ಪಕ್ಕೆಯಿಂದ ಎತ್ತಿ ಹಿಡಿದಿದ್ದವು. ಕದಿರಮ್ಮ ತನ್ನ ಕೈ ನೋಡಿಕೊಂಡಳು. ಶ್ರಾವಣದಿಂದ ತನ್ನ ಬೆರಳುಗಳೂ ಹಾಗೆಯೇ ಹಿಡಿಯುತ್ತಿವೆ.

"ಬರೆ ಹಾಕಿದ್ಮೇಲೆ ಅದು ಹೋಯ್ತಾ ಅಕ್ಕ?"

ಒಲೆಯಲ್ಲಿ ಸೌದೆ ಚಟಗುಟ್ಟಿತು. ನರಸಮ್ಮ ಕುಡುಗೋಲನ್ನು ಈಚೆಗೆಳೆದಳು.

"ಹೋಗ್ಲಿಲ್ಲ" ಎಂದಳು. "ನಾನು ಹೇಳೋದು ಬಿಟ್ಟೆ, ಅಷ್ಟೆ."

ಅವಳು ಕುಡುಗೋಲನ್ನು ನೀರಿನ ಬಾನಿಗೆ ಅದ್ದಿದಳು. ಕತ್ತಲ ತುಂಬ ಬುಸುಗುಟ್ಟುವ ಸದ್ದು ಎದ್ದು, ನಿಧಾನವಾಗಿ ಸೋತು ನಿಂತಿತು.

ಬೆಳಗಿನ ಬಸ್ಸಿನ ಹೊತ್ತಿಗೆ ನರಸಮ್ಮ ಚಪ್ಪಲಿ ಮೆಟ್ಟಿ ಜಗಲಿಯ ಮೇಲೆ ಕೂತಿದ್ದಳು.

"ಲೇ ಚೈತ್ರ, ಆ ಡಾಕ್ಟ್ರಮ್ಮ ಹಳೇ ನೋವನ್ನೂ ನೋಡ್ತಾರಾ?"

ಕದಿರಮ್ಮ ಒಳಗೆ ಹೋಗಿ, ಉಟ್ಟು ಉಟ್ಟು ಮೆತ್ತಗಾಗಿದ್ದ ತನ್ನ ನೂಲಿನ ಸೀರೆಯನ್ನು ತಂದು ನರಸಮ್ಮನ ಮಡಿಲಲ್ಲಿಟ್ಟಳು. "ಇದನ್ನ ಉಟ್ಕೊಂಡು ಹೋಗಕ್ಕ" ಎಂದಳು. "ಬಸ್ಸಲ್ಲಿ ಗಾಳಿ ಬೀಸ್ತದೆ."