ಐದರಲ್ಲಿ ಒಂದು ಪಾಲು

ನರ್ಸರಿಯಲ್ಲಿ ಮಣ್ಣು ಬೆರೆಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಯಾವ ಗಿಡಕ್ಕೆ ಎಷ್ಟು ಮರಳು, ಎಷ್ಟು ಸುಣ್ಣದ ಪುಡಿ, ಎಷ್ಟು ಪರ್ಲೈಟ್ ಎಂದು ಗಿರಾಕಿಗಳು ನನ್ನನ್ನೇ ಕೇಳುತ್ತಾರೆ. ಪರ್ಲೈಟ್ ಎಂದರೆ ಕಾಯಿಸಿ ಅರಳಿನಂತೆ ಉಬ್ಬಿಸಿದ ಬಿಳಿ ಕಲ್ಲು. ಒಂದು ಚೀಲವನ್ನು ಕಿರುಬೆರಳಲ್ಲಿ ಎತ್ತಬಹುದು. ಚೆಂದ ಕಾಣುತ್ತದೆಂದು ಅದನ್ನೇ ಸುರಿದುಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. “ಐದರಲ್ಲಿ ಒಂದು ಪಾಲು ಸಾಕು. ಜಾಸ್ತಿ ಆದ್ರೆ ನೀರು ನಿಲ್ಲಲ್ಲ, ಬೇರಿಗೆ ಹಿಡಿತ ಸಿಗಲ್ಲ,” ಎಂದು ಗದರಿಸಿ ಕಳಿಸುತ್ತೇನೆ.

ಮನೆಯಲ್ಲಿ ಮಾತ್ರ ಆ ಲೆಕ್ಕ ಮರೆತೆ. ಬೇಕೆಂದೇ ಮರೆತೆ.

ಹೆಂಡತಿಯನ್ನು ನಾನು ಪೈಲ್ವಾನ್ ಎಂದು ಕರೆಯುತ್ತಿದ್ದೆ. ನಮ್ಮ ಮನೆಗೆ ಬೆಳಗಿನ ಬಿಸಿಲು ಅಡುಗೆಮನೆಯ ಬಾಲ್ಕನಿಯಲ್ಲಿ, ಮಧ್ಯಾಹ್ನದ್ದು ಮುಂದಿನ ಬಾಲ್ಕನಿಯಲ್ಲಿ. ಒಂಬತ್ತು ಕುಂಡಗಳನ್ನೂ ಅವಳೇ ಹೊತ್ತು ಆ ಕಡೆ ಈ ಕಡೆ ಸಾಗಿಸುತ್ತಿದ್ದಳು. ಅವುಗಳನ್ನು ಮುಟ್ಟಲು ನನ್ನನ್ನು ಬಿಡುತ್ತಿರಲಿಲ್ಲ. ಆಮೇಲೆ ಅವಳಿಗೆ ತೋಳಿನ ಬಲ ಸೋರಿಹೋಗುವ ಕಾಯಿಲೆ ಬಂತು. ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಅವಳದು ಒಂದೇ ಹಟ: “ಕುಂಡ ಎತ್ತೋತನಕ ನಾನು ರೋಗಿಷ್ಟೆ ಅಲ್ಲ.”

ಒಂದು ದಿನ ನಡುಮನೆಯಲ್ಲೇ ಕುಂಡ ಇಳಿಸಿ ಗೋಡೆ ನೋಡುತ್ತ ನಿಂತಳು. ಅವತ್ತೆಲ್ಲ ಊಟ ಮುಟ್ಟಲಿಲ್ಲ. ಆ ಭಾನುವಾರ ಮಣ್ಣು ಬದಲಿಸುವ ನೆಪ ಮಾಡಿ, ಮರಳು ತೆಗೆದು ಪರ್ಲೈಟ್ ತುಂಬಿದೆ. ಮರುದಿನ ಕುಂಡ ಎತ್ತಿಕೊಂಡು ಬಂದಳು.

“ನೋಡಿದ್ರಾ? ಬಲ ಬರ್ತಿದೆ.”

“ಪೈಲ್ವಾನ್ ಅಂದ್ರೆ ಸುಮ್ನೇನಾ,” ಎಂದೆ.

ಆ ನಗು ಉಳಿಯಲಿ ಎಂದು ತಿಂಗಳು ತಿಂಗಳೂ ಪಾಲು ಹೆಚ್ಚಿಸಿದೆ. ಐದರಲ್ಲಿ ಎರಡಾಯಿತು, ಮೂರಾಯಿತು. ಗಿಡಗಳು ವಾಲತೊಡಗಿದವು, ಎಲೆಯಂಚುಗಳು ಸುಟ್ಟುಹೋದವು. ನಾನು ಬಿಸಿಲಿಗೆ ಬೈದೆ.

ಮತ್ತೊಂದು ಭಾನುವಾರ ಪೇಪರ್ ಹಾಸಿ ಚೀಲ ಬಿಚ್ಚುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಕುಂಡದೊಳಗೆ ಬೆರಳಿಟ್ಟಳು.

“ರೀ, ಇದ್ರಲ್ಲಿ ಇನ್ನು ಮಣ್ಣೆಲ್ಲಿದೆ?”

ಚೀಲ ಕೆಳಗಿಟ್ಟೆ. “ಯಾವಾಗ ಗೊತ್ತಾಯ್ತು?” ಎಂದೆ.

“ಮೊದಲ್ನೇ ಸಲವೇ. ಮಣ್ಣು ಬೆರೆಸೋರ ಹೆಂಡ್ತಿ ಕಣ್ರೀ ನಾನು. ನೀವು ಕೆಲ್ಸಕ್ಕೆ ಹೋದ್ಮೇಲೆ ದಿನಕ್ಕೆ ಮೂರು ಸಲ ನೀರು ಹಾಕ್ತಿದ್ದೆ, ಒಣಗ್ಬಾರ್ದು ಅಂತ. ಈಗ ಚೊಂಬು ಎತ್ತೋಕೂ ಆಗ್ತಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮಗೆ ಅಷ್ಟು ಖುಷಿ ಆಗ್ತಿತ್ತಲ್ಲ.” ಬೆರಳಿಗಂಟಿದ ಬಿಳಿ ಕಾಳುಗಳನ್ನು ಒರೆಸಿಕೊಂಡಳು. “ಮರಳು ಹಾಕಿ. ಗಿಡಗಳಾದ್ರೂ ಬದುಕ್ಲಿ.”

“ಹಾಕಿದ್ರೆ ನಿನ್ನ ಕೈಲಿ...”

“ಗೊತ್ತು. ಹಾಕಿ.”

ಒಂಬತ್ತಕ್ಕೂ ಸರಿಯಾದ ಮಣ್ಣು ಬೆರೆಸಿದೆ. ಅವಳೇ ಪಾಲು ಎಣಿಸಿದಳು. ಕಣ್ಣು ಮಂಜಾಗಿ ನನಗೆ ಎಣಿಕೆ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಕುಂಡಗಳನ್ನು ನಾನೇ ಬಿಸಿಲಿಗೆ ಒಯ್ಯತೊಡಗಿದೆ. ಎಂಟು ಕುಂಡ ಮುಗಿಯುವಷ್ಟರಲ್ಲಿ ಸೊಂಟ ಹಿಡಿಯಿತು. ಒಂಬತ್ತನೆಯದನ್ನು ಎತ್ತುವಾಗ ಅವಳೂ ಎದ್ದು ಬಂದು ಅಂಚಿಗೆ ಕೈ ಹಚ್ಚಿದಳು. ಹಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಹಗುರ.

“ಹಿಡ್ಕೊಂಡಿದ್ದೀನಿ, ನಡೀರಿ,” ಎಂದಳು.