ಅಣ್ಣನ ಎಡಗಿವಿ

ನಮ್ಮಣ್ಣ ಇಪ್ಪತ್ತೆಂಟು ವರ್ಷ ಬಟ್ಟೆ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ದುಡಿದವನು. ಅಲ್ಲಿ ಒಂದೇ ಸೂರಿನಡಿ ಇನ್ನೂರು ಮಗ್ಗ. ಇನ್ನೂರು ಲಾಳಿ ಒಟ್ಟಿಗೆ ಬಡಿಯುವಾಗ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಮಿಲ್ಲಿನವರು ಸ್ವರ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ಹತ್ತು ಮಗ್ಗದಾಚೆ ನಿಂತವನ ಬಾಯಿ ನೋಡಿ ಅವನ ಮನೆಯ ಜಗಳವನ್ನೆಲ್ಲ ತಿಳಿದುಕೊಳ್ಳುತ್ತಾರೆ.

ಅಣ್ಣ ಈ ವಿದ್ಯೆಯನ್ನು ಮನೆಗೂ ತಂದ. ಮಿಲ್ಲು ಮುಚ್ಚಿತು, ಅತ್ತಿಗೆ ತೀರಿಕೊಂಡಳು, ಮಗಳು ಮದುವೆಯಾಗಿ ದೂರದ ಊರಿಗೆ ಹೋದಳು. ಅವನು ನಮ್ಮ ಜೊತೆ ಇರಲು ಬಂದ. ನಾನೂ ನನ್ನ ಹೆಂಡತಿಯೂ ಅವನೆದುರು ನಿಂತು, ಬಾಯಿ ಅಗಲಿಸಿ, ಸದ್ದಿಲ್ಲದೆ ತುಟಿ ಆಡಿಸುತ್ತಿದ್ದೆವು. ಕಿವುಡನಿಗೆ ಸ್ವರ ಯಾಕೆ ದಂಡ? ಅವನು ತಕ್ಷಣ ತಿಳಿದುಕೊಳ್ಳುತ್ತಿದ್ದ. ಹತ್ತು ವರ್ಷ ಹೀಗೇ ನಡೆಯಿತು. ಅವನಿಗೆ ಎಷ್ಟು ಕೇಳುತ್ತದೆ ಎಂದು ನಾವು ಒಂದು ದಿನವೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ನನ್ನದು ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಅಂಗಡಿ. ಕೆಳಗೆ ಅಂಗಡಿ, ಅದರ ಹಿಂದೆ ಸಾಮಾನು ತುಂಬುವ ಒಂದು ಕೋಣೆ, ಮೇಲೆ ಮನೆ. ಕೆಲಸಕ್ಕೆಂದು ದೊಡ್ಡ ಕರೆಂಟು ಹಾಕಿಸಿದ್ದೆ. ಆ ಕರೆಂಟಿನ ಮೇಲೆ ನನ್ನ ಹೆಂಡತಿಯ ತಮ್ಮನ ಕಣ್ಣು ಬಿತ್ತು. ಅವನದು ಮೊಬೈಲ್ ರಿಪೇರಿ ಅಂಗಡಿ. ಬಾಯಿ ಮುಚ್ಚುವುದೇ ಗೊತ್ತಿಲ್ಲದವನು. ನಾನು ಅವನನ್ನು ತುತ್ತೂರಿ ಎಂದೇ ಕರೆಯುವುದು.

"ಭಾವ, ಬಿಟ್‌ಕಾಯಿನ್ ಮಿಷನ್ನು. ಅದರ ಪಾಡಿಗದು ಇಪ್ಪತ್ನಾಲ್ಕು ಗಂಟೆ ಲೆಕ್ಕ ಬಿಡಿಸ್ತಾ ಇರುತ್ತೆ. ಬಿಡಿಸಿದ್ದಕ್ಕೆ ನಮ್ಮ ಪಾಲು ಬಂದು ಬೀಳುತ್ತೆ. ನೀವು ಬೆರಳು ಅಲ್ಲಾಡಿಸೋ ಹಾಗೇ ಇಲ್ಲ. ಮಲಗಿದ್ರೂ ಆದಾಯ!"

"ಮಲಗಿದೋನಿಗೆ ದುಡ್ಡು ಬರೋದು ಸತ್ತಾಗ ಮಾತ್ರ ಕಣೋ. ಅದೂ ವಿಮೆ ಮಾಡಿಸಿದ್ರೆ."

"ಅಕ್ಕಾ, ನಿನ್ನ ಗಂಡನ ಬಾಯಿಗೆ ಒಂದು ಬೀಗ ಕೊಡಿಸೇ."

"ಬೀಗಾನೇ ಮುರಿದುಹೋಗುತ್ತೆ ಬಿಡೋ" ಎಂದಳು ನನ್ನ ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, "ಒಂದ್ಸಲ ನೋಡೋಣ ರೀ. ತಂತಿ ಸುತ್ತಿ ಸುತ್ತಿ ನಿಮ್ಮ ಬೆರಳೆಲ್ಲ ಸೊಟ್ಟಗಾಗಿವೆ. ಇನ್ನೆಷ್ಟು ವರ್ಷ?" ಎಂದಳು.

ಬೆರಳಿನ ಮಾತು ನಿಜ. ನಾನು ಒಪ್ಪಿದೆ.

ತುತ್ತೂರಿ ನಾಲ್ಕು ಹಳೆಯ ಮಿಷನ್ನು ತಂದ. ಒಂದೊಂದೂ ಬೂಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಹಿಂದೆ ಮುಂದೆ ಫ್ಯಾನು. ಇಷ್ಟೇನಾ ಅಂದುಕೊಂಡೆ. ಸ್ವಿಚ್ಚು ಹಾಕಿದ ಕೂಡಲೇ ಕೋಣೆ ಕಿರುಚಿಕೊಂಡಿತು. ಮೋಟಾರಿನ ಗುಡುಗು ನನಗೆ ಹೊಸದಲ್ಲ, ಆದರೆ ಇದು ಗುಡುಗಲ್ಲ, ಕಬ್ಬಿಣದ ತಗಡನ್ನು ಗರಗಸದಲ್ಲಿ ಕೊಯ್ದಂತೆ, ಎಡೆಬಿಡದ ಒಂದೇ ರಾಗ. ಪಕ್ಕದ ಮನೆಯ ಮೇಷ್ಟ್ರು ಅಂದೇ ಸಂಜೆ ಗೇಟಿನ ಹತ್ತಿರ ಬಂದು, "ಏನು, ವಿಮಾನ ಇಳಿಸ್ಕೊಂಡಿದೀರಾ?" ಎಂದರು. ಕಿಟಕಿಗೆ ಹಲಗೆ ಹೊಡೆದೆ. ಬಿಸಿ ಗಾಳಿ ಹೋಗಲು ಚಾವಣಿಗೆ ಕೊಳವೆ ಹಾಕಿಸಿದೆ. ಹೊರಗೆ ಸದ್ದು ಕಡಿಮೆಯಾಯಿತು. ಒಳಗೆ ಇಮ್ಮಡಿಯಾಯಿತು.

ತಾನಾಗೇ ದುಡಿಯುವ ಮಿಷನ್ನಿಗೂ ಒಬ್ಬ ಆಳು ಬೇಕು ಎಂಬುದನ್ನು ತುತ್ತೂರಿ ಮೊದಲು ಹೇಳಿರಲಿಲ್ಲ. ಧೂಳು ಕೂತು ಫ್ಯಾನು ಕಟ್ಟಿಕೊಳ್ಳುತ್ತಿತ್ತು. ಕರೆಂಟು ಏರುಪೇರಾಗಿ ಒಂದೊಂದು ಮಿಷನ್ನು ನಿಂತುಬಿಡುತ್ತಿತ್ತು. ಕೆಂಪು ದೀಪ ಹತ್ತಿದರೆ ಆರಿಸಿ ಮತ್ತೆ ಹಚ್ಚಬೇಕು. ನಾನು ಹತ್ತು ನಿಮಿಷ ಒಳಗಿದ್ದು ಬಂದರೆ ಅರ್ಧ ದಿನ ತಲೆ ಗುಂಯ್ ಎನ್ನುತ್ತಿತ್ತು.

"ಅಲ್ಲಿ ಯಾರು ಕೂರ್ತಾರೋ?" ಎಂದೆ.

"ದೊಡ್ಡ ಭಾವ ಇದಾರಲ್ಲ" ಎಂದ ತುತ್ತೂರಿ.

"ಹೌದಲ್ಲ! ಅವನಿಗೇನಾಗ್ಬೇಕು? ಕಿವಿ ಇದ್ದೋರಿಗಲ್ವಾ ಕಿವಿನೋವು!" ಎಂದೆ. ಮೂವರೂ ನಕ್ಕೆವು. ಅಣ್ಣ ನಮಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ನಾನು ಎದ್ದು ಹೋಗಿ ಅವನೆದುರು ಕೂತು ತುಟಿಯಾಡಿಸಿದೆ. ಇನ್ನೂ ಅರ್ಧ ಹೇಳಿರಲಿಲ್ಲ, "ಆಗ್ಲಿ, ನಾಳೆಯಿಂದ ಕೂರ್ತೀನಿ" ಎಂದ.

ಮರುದಿನ ಬೆಳಗ್ಗೆ ಆರಕ್ಕೆ ತಲೆ ಬಾಚಿ, ಹಳೆಯ ಮಿಲ್ಲಿನ ನೀಲಿ ಅಂಗಿ ಹಾಕಿ, ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದ. ಹದಿನಾಲ್ಕು ಮೆಟ್ಟಿಲು ಇಳಿಯುವುದಕ್ಕೆ ಡಬ್ಬಿ ಯಾಕೆ, ಊಟಕ್ಕೆ ಮೇಲೆ ಬಾ ಎಂದರೆ, "ಕೆಲಸದ ಹೊತ್ತಲ್ಲಿ ಮನೆಗೆ ಬರೋದೇನು" ಎಂದ. ಅವನಿಗೆ ಆ ಕೆಲಸ ಕೈಗೆ ಹತ್ತಿತು. ಮಿಷನ್ನಿನ ಮೇಲೆ ಅಂಗೈ ಇಟ್ಟು, ಯಾವ ಫ್ಯಾನು ಇನ್ನೆರಡು ದಿನದಲ್ಲಿ ಕೆಡುತ್ತದೆ ಎಂದು ನಡುಕದಲ್ಲೇ ಹೇಳುತ್ತಿದ್ದ. ಪೇಂಟಿನ ಕುಂಚದಲ್ಲಿ ಧೂಳು ತೆಗೆಯುತ್ತಿದ್ದ. ಸಂಜೆ ಏಳಕ್ಕೆ ಬೆವರಿನಲ್ಲಿ ತೊಯ್ದು ಮೇಲೆ ಬರುವಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ, ದುಡ್ಡೂ ಬಂತು. ಮೋಟಾರು ರಿಪೇರಿಗೆ ಬಂದವರಿಗೆ, "ನಾಳೆ ಬನ್ನಿ, ಕೈ ನೋವು" ಎನ್ನುವ ಧೈರ್ಯ ಬಂತು.

ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅಣ್ಣನ ಮಗಳು ನನಗೆ ಫೋನು ಮಾಡಿದಳು. ಅವಳು ಫೋನು ಮಾಡುತ್ತಿದ್ದುದು ಪ್ರತಿ ಭಾನುವಾರ, ಅವಳಪ್ಪನಿಗೆ. ಅವನು ಫೋನು ಹಿಡಿದು ತಾರಸಿಗೆ ಹೋಗಿ ಅರ್ಧ ಗಂಟೆ ಕೂರುತ್ತಿದ್ದ. ಮಗಳು ಏನೋ ಹೇಳುತ್ತಾಳೆ, ಇವನು ತನಗೆ ಕೇಳದಿದ್ದರೂ ಅವಳ ಸಮಾಧಾನಕ್ಕೆ ಹೂಂಗುಟ್ಟುತ್ತಾನೆ ಎಂದೇ ನಾನು ತಿಳಿದಿದ್ದೆ. ಹೆಚ್ಚು ಯೋಚನೆ ಮಾಡಿದವನಲ್ಲ.

"ಚಿಕ್ಕಪ್ಪ, ಅಪ್ಪನಿಗೆ ನನ್ನ ಮೇಲೆ ಸಿಟ್ಟಾ?"

"ಸಿಟ್ಟಾ? ಅವನಿಗಾ? ನಮ್ಮಪ್ಪ ಸಿಟ್ಟನ್ನೆಲ್ಲ ನನ್ನ ಪಾಲಿಗೇ ಬರೆದು ಹೋದ ಮಗಳೇ. ಅವನಿಗೆ ಚೂರೂ ಸಿಗಲಿಲ್ಲ."

ಅವಳು ನಗಲಿಲ್ಲ. "ಬಸುರಿಯಾಗಿ ಐದು ತಿಂಗಳಾಗಿತ್ತು ಚಿಕ್ಕಪ್ಪ. ಹೋದ ವಾರ ಹೋಯ್ತು. ಆಸ್ಪತ್ರೆಯಿಂದ ಬಂದು ಮೊದಲು ಅಪ್ಪನಿಗೇ ಹೇಳ್ದೆ. ಅಳ್ತಾ ಅಳ್ತಾ ಹೇಳ್ದೆ. ಅಪ್ಪ ಏನಂದ್ರು ಗೊತ್ತಾ? 'ಒಳ್ಳೇದಾಯ್ತು ಕಣಮ್ಮ, ಬಹಳ ಸಂತೋಷ. ಭಾರ ಎತ್ತಬೇಡ' ಅಂದ್ರು. ಅಂದು ಇಟ್ಬಿಟ್ರು."

"ಅವನಿಗೆ ಕೇಳಿದ್ರೆ ತಾನೇ ಅಮ್ಮಾ? ಕಿವುಡ ಅವನು. ಫೋನಲ್ಲಿ ತುಟಿ ಕಾಣುತ್ತಾ?" ಎಂದೆ.

"ಏನಂತೀರಿ ಚಿಕ್ಕಪ್ಪ? ಎಡಗಿವಿ ಕೇಳುತ್ತಲ್ಲ ಅಪ್ಪಂಗೆ! ಜಾಸ್ತಿಯಲ್ಲ, ಅರ್ಧ. ಫೋನು ಒತ್ತಿ ಹಿಡಿದ್ರೆ ಎಲ್ಲ ಕೇಳುತ್ತೆ. ಹತ್ತು ವರ್ಷದಿಂದ ನಾವು ಮಾತಾಡ್ತಾ ಇಲ್ವಾ? ನಿಮಗೆ ಗೊತ್ತಿಲ್ವಾ?"

ಫೋನು ಮೇಜಿನ ಮೇಲಿಟ್ಟು ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆಗೆದರೆ ಆ ಕಿರುಚಾಟ. ಅದರ ನಡುವೆ ಅಣ್ಣ ನನಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದ, ಎಡಗಡೆ ಎರಡು ಮಿಷನ್ನು, ಬಲಗಡೆ ಎರಡು. ದೊಡ್ಡ ಸ್ವಿಚ್ಚು ಕೆಳಗೆಳೆದೆ. ಸದ್ದೆಲ್ಲ ಸತ್ತುಹೋಯಿತು. ಅವನ ಬೆನ್ನ ಹಿಂದೆಯೇ ನಿಂತು, "ಅಣ್ಣಾ" ಎಂದು ಕೂಗಿದೆ. ಅಂಗಡಿಯ ಗಾಜು ಅದುರುವ ಹಾಗೆ ಕೂಗಿದೆ. ತಗಡಿನ ಡಬ್ಬಿ ಎತ್ತಿ ನೆಲಕ್ಕೆ ಬಡಿದೆ. ಅವನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಮಿಷನ್ನಿನ ಮೇಲೆ ಅಂಗೈ ಇಟ್ಟು ನೋಡಿ, ನಡುಕ ನಿಂತದ್ದು ತಿಳಿದು, ಗಾಬರಿಯಿಂದ ಎದ್ದ. ನನ್ನನ್ನು ನೋಡಿ, "ಕರೆಂಟು ಹೋಯ್ತಾ?" ಎಂದ.

ಕಿವಿಯ ಡಾಕ್ಟರಮ್ಮ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ತಲೆಗೆ ಹೆಡ್‌ಫೋನು ಹಾಕಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಅಣ್ಣ ತಪ್ಪದೆ ಬೆರಳೆತ್ತಿದ. ನನಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟರಮ್ಮ ಅವನನ್ನೇ ದಿಟ್ಟಿಸಿದರು. ಎದ್ದು ಹೋಗಿ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಬಂದರು. ಆಮೇಲೆ ಬೆರಳು ಏಳಲಿಲ್ಲ. ಅವನು ಅಷ್ಟು ಹೊತ್ತೂ ಗಾಜಿನಾಚೆ ಅವರ ಕೈ ಗುಂಡಿ ಒತ್ತುವುದನ್ನು ನೋಡಿ ಬೆರಳೆತ್ತುತ್ತಿದ್ದ.

"ಆ ಮಿಷನ್ನಿನ ಹತ್ತಿರ ದಿನಕ್ಕೆ ಎಷ್ಟು ಗಂಟೆ ಕೂತಿರ್ತಿದ್ರು?"

"ಹನ್ನೆರಡು, ಹದಿಮೂರು."

"ಕಿವಿಗೆ ಏನಾದ್ರೂ ಹಾಕ್ಕೊಂಡಿದ್ರಾ?"

"ಇಲ್ಲ. ಕಿವುಡ ಅಂತ..."

"ಅರ್ಧ ಹೋದ ಕಿವಿಯನ್ನೇ ಜಾಸ್ತಿ ಜೋಪಾನ ಮಾಡ್ಬೇಕ್ರೀ! ಎಂಟು ತಿಂಗಳ ಹಿಂದೆ ಬಂದಿದ್ರೆ ಕಿವಿಗೊಂದು ಯಂತ್ರ ಹಾಕಿ ಸಾಯೋವರೆಗೂ ಕಾಪಾಡಬಹುದಿತ್ತು. ಈಗ ಯಂತ್ರ ಹಾಕಿದ್ರೂ ಬರೀ ಗದ್ದಲ ಕೇಳುತ್ತೆ, ಮಾತು ಕೇಳಲ್ಲ. ಕಿವುಡರಿಗೆ ಸದ್ದು ಏನೂ ಮಾಡಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡದ್ದು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವನನ್ನು ಕೂರಿಸಿ ಜಗಳಕ್ಕೇ ನಿಂತೆ. ನನಗೆ ದುಃಖ ಬಂದರೂ ಅದು ಸಿಟ್ಟಿನ ಅಂಗಿ ಹಾಕಿಕೊಂಡೇ ಬರುವುದು.

"ಕೇಳೋದು ಕಮ್ಮಿ ಆಗ್ತಿದೆ ಅಂತ ನಿನಗೆ ಗೊತ್ತಾಗಿರಲಿಲ್ವಾ?"

"ಮೂರನೇ ತಿಂಗಳಲ್ಲೇ ಗೊತ್ತಾಯ್ತು."

"ಬಾಯಿ ಸತ್ತಿತ್ತಾ? ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮೇಲೆ ಬಾ ಅಂತಿದ್ದೆ. ಮೇಲೆ ಬಂದು ಏನ್ಮಾಡ್ಲಿ? ಕೂತು ತಿನ್ನೋ ಕಲ್ಲುದೇವರಾಗ್ಲಾ?"

ಕೂತು ತಿನ್ನೋ ಕಲ್ಲುದೇವರು. ಅದು ನನ್ನ ಮಾತು. ಅಂಗಡಿ ನಡೆಯದ ದಿನ, ಯಾರದೋ ಮೇಲಿನ ಸಿಟ್ಟಿಗೆ, ಅಣ್ಣನ ಬೆನ್ನ ಹಿಂದೆ ನಿಂತು ಹೆಂಡತಿಯ ಹತ್ತಿರ ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅವನಿಗೆ ಕೇಳುವುದಿಲ್ಲ ಎಂಬ ಧೈರ್ಯದಿಂದ ಗಂಟಲೆತ್ತಿಯೇ ಅಂದಿದ್ದೆ. ಅವನೆದುರು ಬಂದಾಗ ಸ್ವರವಿಲ್ಲದ ಮಾತು, ಬೆನ್ನಿಗೆ ಸ್ವರವಿದ್ದ ಮಾತು. ಹತ್ತು ವರ್ಷ ಆ ಮನೆಯಲ್ಲಿ ನನ್ನ ಗಂಟಲಿನಿಂದ ಅವನ ಕಿವಿಗೆ ಬಿದ್ದದ್ದು ಬೈಗುಳ ಮಾತ್ರ. ಕಿವಿ ಇದ್ದೋರಿಗಲ್ವಾ ಎಂದು ನಕ್ಕದ್ದೂ ಬಿದ್ದಿರಬೇಕು. ಅದಕ್ಕೇ ನಾನು ಅರ್ಧ ಹೇಳುವ ಮೊದಲೇ ಒಪ್ಪಿಕೊಂಡಿದ್ದ.

"ಬೇಜಾರು ಮಾಡ್ಕೋಬೇಡ" ಎಂದು ಅವನೇ ನನ್ನ ಮಂಡಿ ತಟ್ಟಿದ. "ಹತ್ತು ವರ್ಷದ ಮೇಲೆ ಒಂದು ಕೆಲಸ ಸಿಕ್ಕಿತ್ತು ಕಣೋ. ಚೆನ್ನಾಗಿತ್ತು."

ಮಗುವಿನ ವಿಷಯ ಅವನಿಗೆ ಹೇಳಬೇಡಿ, ನಾನೇ ಬಂದು ಹೇಳುತ್ತೇನೆ ಎಂದಿದ್ದಳು ಮಗಳು. ಶನಿವಾರದ ಬಸ್ಸಿಗೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಂದವಳೇ ಅಪ್ಪನನ್ನು ತಾರಸಿಗೆ ಕರೆದುಕೊಂಡು ಹೋದಳು. ನಾನು ಮೆಟ್ಟಿಲ ತುದಿಯಲ್ಲಿ ನಿಂತೆ. ಅವಳು ಅವನ ಎರಡೂ ಕೈ ಹಿಡಿದು, ಮುಖಕ್ಕೆ ಮುಖ ಕೊಟ್ಟು, ಮಿಲ್ಲಿನವರ ಹಾಗೆ ಸದ್ದಿಲ್ಲದೆ ಹೇಳತೊಡಗಿದಳು. ತುಟಿ ಓದಲು ನನಗೂ ಬರುತ್ತದಲ್ಲ. ಹೆಣ್ಣು ಮಗು ಅಪ್ಪ. ಅಮ್ಮನ ಹೆಸರಿಡೋಣ ಅಂತಿದ್ವಿ. ಅಷ್ಟು ಓದಿ ಮುಂದೆ ನೋಡಲಾಗದೆ ಮುಖ ತಿರುಗಿಸಿದೆ. ಅವಳದು ಒಂದು ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣ ಅಳುವುದು ಕೇಳಿಸಿತು. ತನ್ನ ಸ್ವರ ತನಗೇ ಕೇಳದವನ ಅಳು ಎಷ್ಟು ಜೋರಾಗಿರುತ್ತದೆ ಎಂಬುದು ಅವನಿಗೆ ಗೊತ್ತಾಗುವ ಹಾಗಿಲ್ಲ. ಪಕ್ಕದ ಮನೆಯ ಮೇಷ್ಟ್ರು ಹೊರಗೆ ಬಂದು ಮೇಲೆ ನೋಡಿ ಒಳಗೆ ಹೋದರು.

ಮಿಷನ್ನು ಒಯ್ಯಲು ತುತ್ತೂರಿಗೆ ಹೇಳಿ ಕಳಿಸಿದೆ. "ಭಾವ, ಈಗ ರೇಟು ಬಿದ್ದಿದೆ, ಎರಡು ತಿಂಗಳು ತಡೀರಿ" ಎಂದ. "ಇವತ್ತು ಸಂಜೆಯೊಳಗೆ ತಗೊಂಡು ಹೋಗದಿದ್ರೆ ಗುಜರಿಗೆ ತೂಕಕ್ಕೆ ಹಾಕ್ತೀನಿ" ಎಂದೆ. ನನ್ನ ಮುಖ ನೋಡಿ ಅವನು ಮೊದಲ ಸಲ ಬಾಯಿ ಮುಚ್ಚಿದ. ಗಾಡಿಗೆ ತುಂಬುವಾಗ ಅಣ್ಣ ಬಂದು ಒಂದೊಂದರ ಧೂಳನ್ನೂ ಕುಂಚದಲ್ಲಿ ಒರೆಸಿ ಕೊಟ್ಟ.

ಆಮೇಲೆ ನಾನು ದೊಡ್ಡ ಪರದೆಯ ಫೋನು ತಂದೆ. ಮಗಳ ಹತ್ತಿರ ಅಂಥದೇ ಇತ್ತು. ಭಾನುವಾರ ಅವಳ ಮುಖ ಬಂತು. ಅವಳು ತುಟಿಯಾಡಿಸಿದಳು, ಇವನು ಓದಿದ, ಉತ್ತರ ಹೇಳಿದ, ಒಂದು ಸಲ ನಕ್ಕ ಕೂಡ. ನಾನು ಪಕ್ಕದಲ್ಲೇ ಕೂತಿದ್ದೆ. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು ಅಂದುಕೊಂಡೆ.

ಮಾತು ಮುಗಿದ ಮೇಲೆ ನಾನು ಅವನೆದುರು ಬಂದು, "ಹೇಗಿದೆ? ಮೊದಲಿಗಿಂತ ಚೆನ್ನಾಗಾಯ್ತಲ್ಲ, ಮುಖಾನೂ ಕಾಣುತ್ತೆ" ಎಂದು ತುಟಿಯಾಡಿಸಿದೆ.

"ಮುಖ ಕಾಣುತ್ತೆ" ಎಂದ ಅಣ್ಣ. ಆರಿದ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿದ. "ಮುಖ ಅವಳದು ನನ್ನ ಥರ, ಬರೀ ಮೂಗು. ಸ್ವರ ಇತ್ತಲ್ಲ, ಅದು ನಿಮ್ಮ ಅತ್ತಿಗೇದು. ಒಂದು ಎಳೆಯೂ ವ್ಯತ್ಯಾಸ ಇಲ್ಲ. ಅಪ್ಪಾ ಅನ್ನೋ ಬದಲು ರೀ ಅಂದಿದ್ರೆ ಅವಳೇ. ಭಾನುವಾರ ಅರ್ಧ ಗಂಟೆ ಇಬ್ಬರ ಹತ್ತಿರಾನೂ ಮಾತಾಡ್ದಂಗೆ ಆಗ್ತಿತ್ತು."

ಅವನು ದೂರು ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದ, ಅಷ್ಟೇ.

ನಾನು ಕುರ್ಚಿ ಎಳೆದುಕೊಂಡು ಅವನ ಮುಂದೆ ಕೂತೆ. ತಪ್ಪಾಯ್ತು ಎನ್ನಬೇಕಿತ್ತು. ಮೂರೇ ಅಕ್ಷರ. ಹುಟ್ಟಿದ ಮೇಲೆ ಯಾರಿಗೂ ಅಂದವನಲ್ಲ. ಬಾಯಿ ತೆರೆದು ಹೇಳಿದೆ.

ಅಣ್ಣ ಕಣ್ಣು ಕಿರಿದು ಮಾಡಿ ನನ್ನ ಬಾಯಿಯನ್ನೇ ನೋಡಿದ. "ಏನಂದೆ? ತುಟಿ ನಡುಗ್ತಿದೆ ಕಣೋ, ಓದೋಕಾಗ್ತಿಲ್ಲ. ನಿಧಾನಕ್ಕೆ ಹೇಳು."

ಮತ್ತೆ ಹೇಳಿದೆ. ಗಲ್ಲವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಇನ್ನೊಮ್ಮೆ ಹೇಳಿದೆ. ಅವನು ತಲೆಯಾಡಿಸಿದ.

"ಹೋಗ್ಲಿ ಬಿಡು" ಎಂದು ಎದ್ದ. "ನಾಳೆ ಹೇಳುವಿಯಂತೆ."